ದಾವಣಗೆರೆಯಲ್ಲಿ ಕಣ್ಣಿನ ಸೋಂಕು, ಉರಿಯೂತದ ಡಾಕ್ಟರಾಗಿ ಹೊಟ್ಟೆ ತುಂಬುತ್ತಾ?

ಕಣ್ಣಿನ ಎಂ.ಎಸ್. ಎರಡನೇ ವರ್ಷದಲ್ಲಿದ್ದೀನಿ, ಎಲ್ಲರೂ ರೆಟಿನಾ (ಕಣ್ಣಿನ ಹಿಂದಿನ ಪರದೆ) ಮಾಡು ಇಲ್ಲಾ ಫೇಕೋ (ಮಷಿನ್ನಿನಲ್ಲಿ ಪೊರೆ ತೆಗೆಯೋದು) ಕಲಿ ಅಂತಾರೆ, ನನಗೆ ಕಾರ್ನಿಯಾ (ಕರಿಗುಡ್ಡೆ ಮೇಲಿನ ಪಾರದರ್ಶಕ ಪದರ) ಸೋಂಕು ಮತ್ತು ಯುವೈಟಿಸ್ (ಕಣ್ಣಿನೊಳಗಿನ ಉರಿಯೂತ) ಇಷ್ಟ, ದಾವಣಗೆರೆಯಲ್ಲಿ ಇದರಿಂದ ಬದುಕೋಕಾಗುತ್ತಾ ಅಂತ ಕೇಳಿದ್ದೀರಿ.

ಬದುಕಬಹುದು, ಆದರೆ ಇದೊಂದನ್ನೇ ನಂಬಿಕೊಂಡು ಆಗಲ್ಲ. ಹದಿನಾಲ್ಕು ವರ್ಷದಿಂದ ಇಲ್ಲೇ ಇದೇ ಕೆಲಸ ಮಾಡ್ತಿದ್ದೀನಿ. ಕ್ಲಿನಿಕ್ ಬಾಡಿಗೆ, ಹುಡುಗರ ಸಂಬಳ ಇವತ್ತಿಗೂ ಹೊರಡೋದು ಪೊರೆ ಆಪರೇಷನ್ನಿನ ದುಡ್ಡಲ್ಲಿ. ಪೊರೆ ಅಂದರೆ ಅರ್ಧ ಗಂಟೆ ಕೆಲಸ, ಮರುದಿನ ಪಟ್ಟಿ ಬಿಚ್ಚಿದರೆ ಅಜ್ಜಿ ಮೊಮ್ಮಗನ ಮುಖ ನೋಡಿ ನಗ್ತಾಳೆ. ಕಾರ್ನಿಯಾ ಹುಣ್ಣಿನವರನ್ನು ಮೊದಲ ವಾರ ದಿನಾ ನೋಡಬೇಕು, ಆಮೇಲೆ ತಿಂಗಳುಗಟ್ಟಲೆ. ಜಗಳೂರು ಕಡೆಯಿಂದ ಕೂಲಿ ಬಿಟ್ಟು, ಬಸ್ ಚಾರ್ಜ್ ಹೊಂದಿಸಿಕೊಂಡು ಬಂದವರ ಹತ್ರ ಪ್ರತಿ ಸಲ ಫೀಸ್ ಕೇಳೋಕೆ ನನಗಂತೂ ಬಾಯಿ ಬರಲ್ಲ.

ರೋಗಿಗಳಿಗೆ ಮಾತ್ರ ಬರವಿಲ್ಲ. ಭದ್ರಾ ನಾಲೆ ಕೆಳಗೆ ಭತ್ತ, ಮಳೆ ನಂಬಿದ ಹೊಲದಲ್ಲಿ ಮೆಕ್ಕೆಜೋಳ. ಕಟಾವು ಶುರುವಾಯ್ತು ಅಂದರೆ ನಮ್ಮ ಬೆಂಚು ತುಂಬುತ್ತೆ. ಗರಿ ಕಣ್ಣಿಗೆ ಸವರಿರುತ್ತೆ, ಇಲ್ಲಾ ಒಕ್ಕೋ ಮಷಿನ್ನಿನ ಧೂಳು ಬಿದ್ದಿರುತ್ತೆ. ಕರಿಗುಡ್ಡೆ ಮೇಲೊಂದು ತರಚು ಗಾಯ, ಅದರೊಳಗೆ ಬೂಷ್ಟು: ಹೆಚ್ಚಾಗಿ ಫ್ಯುಸೇರಿಯಂ, ಇಲ್ಲವೇ ಆಸ್ಪರ್ಜಿಲ್ಲಸ್. ಒಬ್ಬರು ನಾಲಿಗೆಯಿಂದ ಕಸ ತೆಗೆದಿರ್ತಾರೆ, ಇನ್ನೊಬ್ಬರು ಎದೆಹಾಲು ಹಿಂಡಿರ್ತಾರೆ. ನನಗೆ ಅದಕ್ಕಿಂತ ಭಯ, ಚೀಟಿ ಇಲ್ಲದೆ ಮೆಡಿಕಲ್ ಶಾಪಿನಿಂದ ತಂದ ಸ್ಟಿರಾಯ್ಡ್ ಡ್ರಾಪ್ಸ್. ಎರಡು ದಿನ ಕೆಂಪು ಇಳಿದು ಹಾಯೆನಿಸುತ್ತೆ, ಒಳಗೆ ಬೂಷ್ಟು ಆಳಕ್ಕೆ ಇಳೀತಿರುತ್ತೆ. ನಮ್ಮ ಮುಂದೆ ಕೂರೋ ಹೊತ್ತಿಗೆ ಕಾರ್ನಿಯಾ ಹಿಂದೆ, ಕೆಳಭಾಗದಲ್ಲಿ ಕೀವು ನಿಂತಿರುತ್ತೆ.

ಇಲ್ಲಿ ಮೊದಲು ಕಲಿಯಬೇಕಾದ್ದು ಸ್ಕ್ರೇಪಿಂಗ್, ಅಂದರೆ ಹುಣ್ಣು ಕೆರೆದು ನೋಡೋದು. ಹುಣ್ಣಿನ ಅಂಚು, ತಳ ಕೆರೆದು ಸ್ಲೈಡಿಗೆ ಹಚ್ಚಿ, ಕೆ.ಒ.ಎಚ್. (ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ) ಒಂದು ಹನಿ ಬಿಟ್ಟರೆ ಸ್ವಲ್ಪ ಹೊತ್ತಲ್ಲೇ ಬೂಷ್ಟಿನ ಎಳೆಗಳು ಕಾಣ್ತವೆ. ನಾನು ಸೆಕೆಂಡ್ ಹ್ಯಾಂಡ್ ಮೈಕ್ರೋಸ್ಕೋಪ್ ಕೊಂಡು ಕಣ್ಣು ನೋಡೋ ಸ್ಲಿಟ್ ಲ್ಯಾಂಪಿನ ಪಕ್ಕದಲ್ಲೇ ಇಟ್ಟಿದ್ದೀನಿ, ರೋಗಿಗೂ ತೋರಿಸ್ತೀನಿ. 'ಮಳೆಗಾಲದಲ್ಲಿ ರೊಟ್ಟಿ ಮೇಲೆ ಬರುತ್ತಲ್ಲ, ಅದೇ ಜಾತಿ' ಅಂದರೆ ಸಾಕು, ಗಂಟೆಗೊಂದು ಹನಿ ತಪ್ಪಿಸಲ್ಲ. ಬೂಷ್ಟು ಕೊಲ್ಲೋ ಹನಿ ಇವತ್ತಿಗೂ ಹಳೇ ನಟಮೈಸಿನ್ನೇ. ಹೊಸ ಔಷಧ ವೊರಿಕೊನಜೋಲ್ ಜೊತೆ ಹೋಲಿಸಿ ನೋಡಿದ ಪ್ರಯೋಗ 2013ರಲ್ಲಿ ಪ್ರಕಟವಾಯ್ತು, ಫ್ಯುಸೇರಿಯಂ ವಿಷಯದಲ್ಲಂತೂ ನಟಮೈಸಿನ್ನೇ ಮೇಲುಗೈ.

ಹುಣ್ಣು ಮಾಗಿದರೂ ಬಿಳಿ ಕಲೆ ಉಳಿಯುತ್ತೆ. 'ಕಣ್ಣಲ್ಲಿ ಹೂ ಬಿತ್ತಲ್ಲ ಸರ, ಇದೇನು ವಾಸಿ ಮಾಡಿದಂಗೆ?' ಅಂತ ಬೈದವರಿದ್ದಾರೆ. ಗುಡ್ಡೆ ತೂತಾಗದೆ ಕಣ್ಣು ಉಳಿಯಿತು ಅನ್ನೋ ಸಮಾಧಾನ ನಮಗೆ, ಅವರಿಗೆ ಬೇಕಿದ್ದದ್ದು ನೋಟ. ಇದನ್ನು ಸಹಿಸೋಕಾಗದಿದ್ದರೆ ನಿಜವಾಗಿ ರೆಟಿನಾನೇ ಮಾಡಿ (ಅಲ್ಲೂ ಬೈಸ್ಕೊಳ್ತೀರಿ, ಬಿಡಿ). ಕಲೆ ನಡುವೆಯೇ ಇದ್ದರೆ ಕಸಿ ಬೇಕು, ಅದಕ್ಕೆ ದಾನಿಯ ಕಣ್ಣು ಬೇಕು. 2021ರಲ್ಲಿ ಅಪ್ಪು ಅವರ ಕಾರ್ನಿಯಾಗಳನ್ನು ನಾಲ್ವರಿಗೆ ಹಾಕಿದ ಮೇಲೆ ಈ ಮಾತು ತೆಗೆಯೋದು ನನಗೆ ಸುಲಭವಾಗಿದೆ, ಹಳ್ಳಿಯವರೇ ಕೇಳ್ತಾರೆ.

ಯುವೈಟಿಸ್ ಬೇರೆಯೇ ಲೋಕ. ಹರಿಹರದಿಂದ ಬಂದ ಹುಡುಗನಿಗೆ ವರ್ಷದಲ್ಲಿ ಮೂರು ಸಲ ಕಣ್ಣು ಕೆಂಪಾಗಿತ್ತು, ಎಲ್ಲ ಕಡೆ ಮದ್ರಾಸ್ ಐ ಅಂದಿದ್ದರು. ಬೆಳಿಗ್ಗೆ ಎದ್ದಾಗ ಸೊಂಟ ಹಿಡ್ಕೊಂಡಿರುತ್ತಾ, ಓಡಾಡಿದ ಮೇಲೆ ಸಡಿಲಾಗುತ್ತಾ ಅಂತ ಕೇಳಿದೆ. 'ಕಣ್ಣು ತೋರ್ಸಾಕೆ ಬಂದ್ರೆ ಸೊಂಟ ಕೇಳ್ತೀರಲ್ರೀ' ಅಂದ. ಎಚ್.ಎಲ್.ಎ.-ಬಿ27 (ಕಣ್ಣು, ಬೆನ್ನು ಎರಡನ್ನೂ ಕಾಡೋ ಉರಿಯೂತಕ್ಕೆ ಸಂಬಂಧಪಟ್ಟ ರಕ್ತ ಪರೀಕ್ಷೆ) ಪಾಸಿಟಿವ್ ಬಂತು. ಕಣ್ಣು ನಾನು ನೋಡಿಕೊಂಡೆ, ಬೆನ್ನುಮೂಳೆ ಕೀಲಿನ ರೋಗಕ್ಕೆ ರುಮಟಾಲಜಿಸ್ಟ್ (ಕೀಲುವಾತದ ಡಾಕ್ಟರ್) ಹತ್ರ ಕಳಿಸಿದೆ. ನನ್ನ ತಪ್ಪನ್ನೂ ಹೇಳಿಬಿಡ್ತೀನಿ: ಶುರುವಿನಲ್ಲಿ ಒಬ್ಬ ಹೆಣ್ಣುಮಗಳಿಗೆ ಎದೆ ಎಕ್ಸ್‌ರೇ ಮಾಡಿಸದೆ ಸ್ಟಿರಾಯ್ಡ್ ಮಾತ್ರೆ ಬರೆದೆ. ಆಮೇಲೆ ಗೊತ್ತಾಯ್ತು, ಸ್ಟಿರಾಯ್ಡ್ ಕೊಟ್ಟರೆ ಕೆರಳೋ ಟಿ.ಬಿ. ಇತ್ತು. ಆಕೆ ಹುಷಾರಾದಳು, ನನಗೆ ಮಾತ್ರ ಎಷ್ಟೋ ರಾತ್ರಿ ನಿದ್ದೆ ಬರಲಿಲ್ಲ. ಈಗ ಎಕ್ಸ್‌ರೇ, ಮಾಂಟೂ (ಟಿ.ಬಿ.ಗೆ ಮಾಡೋ ಚರ್ಮದ ಪರೀಕ್ಷೆ), ಸಿಫಿಲಿಸ್ ಟೆಸ್ಟ್ ಇಲ್ಲದೆ ಮಾತ್ರೆ ಬರೆಯೋದಿಲ್ಲ.

ಎಂ.ಎಸ್. ಆದ ಮೇಲಿನ ಫೆಲೋಶಿಪ್ಪಿಗೆ ಮಧುರೈ ಅರವಿಂದ, ಹೈದರಾಬಾದಿನ ಎಲ್.ವಿ. ಪ್ರಸಾದ್, ಚೆನ್ನೈನ ಶಂಕರ ನೇತ್ರಾಲಯ ಇವೆ. ಸಾಮಾನ್ಯವಾಗಿ ಕಾರ್ನಿಯಾ ಫೆಲೋಶಿಪ್ ಬೇರೆ, ಯುವೈಟಿಸ್ ಬೇರೆ. ನಾನಾಗಿದ್ದರೆ ಇಲ್ಲಿಗೆ ಮರಳೋ ಯೋಚನೆಯಿದ್ದರೆ ಮೊದಲು ಕಾರ್ನಿಯಾ ತಗೊಳ್ತಿದ್ದೆ, ಫೇಕೋ ಕೈ ಬಿಡ್ತಿರಲಿಲ್ಲ. ಅರ್ಜಿ ಹಾಕೋದು ಇನ್ನೂ ದೂರ ಇದೆ. ಅಲ್ಲೀವರೆಗೆ ನಿಮ್ಮ ಕಾಲೇಜಿನ ಮೈಕ್ರೋಬಯಾಲಜಿಯವರ ದೋಸ್ತಿ ಮಾಡಿಕೊಳ್ಳಿ, ನೀವು ಕೆರೆದ ಸ್ಲೈಡನ್ನು ನೀವೇ ಒಯ್ದು ಅವರ ಪಕ್ಕ ಕೂತು ನೋಡಿ.