2020ರ ಆಲ್ಬಮ್‌ಗಳು ಮನಸ್ಸಿಗೆ ಇಳಿಯುತ್ತಿಲ್ಲವೇ? ಮೊದಲು ಶಫಲ್ ಆಫ್ ಮಾಡಿ

ಆ ಪ್ಲೇಲಿಸ್ಟನ್ನು ಮೊದಲು ಅಳಿಸಿಹಾಕಿ. 2020ರ ಇಂಡೀ, ರಾಕ್ ಆಲ್ಬಮ್‌ಗಳನ್ನೆಲ್ಲ ಒಂದೇ ಕಡೆ ಸೇರಿಸಿ ಶಫಲ್‌ನಲ್ಲಿ, ಅಂದರೆ ಕ್ರಮ ಕಲಸಿ, ಕೇಳುತ್ತಿದ್ದೀರಿ, ಯಾವುದೂ ಹಿಡಿಸುತ್ತಿಲ್ಲ, ಇನ್ನೂ ಒಳ್ಳೆಯ ಹೆಡ್‌ಫೋನ್ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಲಾಕ್‌ಡೌನಿನಲ್ಲಿ ನಾನೂ ಹೀಗೇ ಕೇಳಿ ಒಳ್ಳೊಳ್ಳೆ ಆಲ್ಬಮ್‌ಗಳನ್ನು ಸಪ್ಪೆ ಎಂದು ಬದಿಗಿಟ್ಟಿದ್ದೆ. ಹೆಡ್‌ಫೋನ್ ಬೇಡ, ದುಡ್ಡು ಉಳಿಸಿ. ಕೆಡುತ್ತಿರುವುದು ಶಫಲ್‌ನಿಂದ. ಹೇಗೆ ಎನ್ನುವುದನ್ನು ಬಿಡಿಸಿಯೇ ಹೇಳುತ್ತೇನೆ.

ಸ್ಪಾಟಿಫೈ ಹಾಡುಗಳ ಸದ್ದನ್ನು ಒಂದು ಮಟ್ಟಕ್ಕೆ ತಂದು ಕೇಳಿಸುತ್ತದೆ; ಇದೇ ನಾರ್ಮಲೈಸೇಶನ್. 'ನಾರ್ಮಲ್' ಇಟ್ಟಿದ್ದರೆ ಆ ಮಟ್ಟ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಜೋರು). ಆಲ್ಬಮ್ಮನ್ನು ಮೊದಲ ಹಾಡಿನಿಂದ ಸಾಲಾಗಿ ಹಾಕಿದರೆ ಇಡೀ ಆಲ್ಬಮ್ಮಿಗೆ ಒಂದೇ ಲೆಕ್ಕ. ಮೆಲುದನಿಯ ಹಾಡು ಮೆಲ್ಲಗೇ, ಅಬ್ಬರದ್ದು ಜೋರಾಗಿಯೇ ಉಳಿಯುತ್ತದೆ. ಶಫಲ್ ಒತ್ತಿದಿರೋ, ಬೇರೆಬೇರೆ ಆಲ್ಬಮ್‌ಗಳ ಹಾಡು ಬೆರೆಸಿದಿರೋ, ಒಂದೊಂದು ಹಾಡಿಗೂ ಬೇರೆ ಲೆಕ್ಕ. ಪಿಸುಗುಟ್ಟುವ ಹಾಡನ್ನು ಎತ್ತುತ್ತದೆ, ಕಿರುಚುವ ಹಾಡನ್ನು ಇಳಿಸುತ್ತದೆ. 'ಲೌಡ್' ಇಟ್ಟರೆ ಇನ್ನೂ ಕೆಟ್ಟದ್ದು: ಮೈನಸ್ 11ಕ್ಕೆ ಏರಿಸಿ, ಸದ್ದು ಒಡೆಯದಿರಲಿ ಎಂದು ಲಿಮಿಟರ್ (ಜೋರಾದ ತುದಿಗಳನ್ನು ಒತ್ತಿಹಿಡಿಯುವ ವ್ಯವಸ್ಥೆ) ಹಾಕುತ್ತದೆ. ಆಗ ಒಂದೇ ಹಾಡಿನ ಒಳಗಿನ ಏರಿಳಿತವೂ ಒತ್ತಿಹೋಗುತ್ತದೆ.

ಇದರಿಂದ ಏನು ಕಳೆದುಹೋಗುತ್ತದೆ ಎನ್ನುವುದಕ್ಕೆ ಅಮೆರಿಕದ ಗಾಯಕಿ ಫೀಬಿ ಬ್ರಿಜರ್ಸ್‌ಳ 'ಪನಿಷರ್' ಆಲ್ಬಮ್ ನೋಡಿ. ಜೂನ್ 2020ರದ್ದು, 11 ಟ್ರ್ಯಾಕ್, ಸುಮಾರು 40 ನಿಮಿಷ. ಮೊದಲನೆಯದು ಒಂದೇ ನಿಮಿಷದ, ಮಾತಿಲ್ಲದ ತುಣುಕು. ಶಫಲ್‌ನಲ್ಲಿ ಅದು ಮಧ್ಯೆ ಎಲ್ಲೋ ಬಂದರೆ ಏನೂ ಅನ್ನಿಸುವುದಿಲ್ಲ, ಮುಂದಕ್ಕೆ ಒತ್ತಿಬಿಡುತ್ತೀರಿ. ಕೊನೆಯ ಹಾಡು 'ಐ ನೋ ದಿ ಎಂಡ್' ಶುರುವಾಗುವುದು ಪಕ್ಕದಲ್ಲಿ ಕೂತು ಹೇಳಿದಷ್ಟು ಮೆಲ್ಲಗೆ. ಆಮೇಲೆ ಡ್ರಮ್, ಕಹಳೆಗಳು, ಗುಂಪುದನಿ ಒಂದರ ಮೇಲೊಂದು ಬಂದು ಎಲ್ಲರೂ ಸೇರಿ ಕಿರುಚುತ್ತಾರೆ. ವಾದ್ಯಗಳೆಲ್ಲ ನಿಂತ ಮೇಲೆ ದನಿ ಬತ್ತಿದ ಗಂಟಲಿನ ಉಸಿರು ಮಾತ್ರ ಕೇಳುತ್ತದೆ. ಹಿಂದಿನ ಅರ್ಧ ಗಂಟೆ ಆಕೆ ಬಹುಪಾಲು ಅಷ್ಟು ತಗ್ಗಿದ ದನಿಯಲ್ಲಿ ಹಾಡಿರುವುದಕ್ಕೇ ಆ ಕಿರುಚಾಟಕ್ಕೆ ಬೆಲೆ. ಅದೊಂದನ್ನೇ ಕಿತ್ತು ಕೇಳಿದರೆ ಬರೀ ಗಲಾಟೆ.

ಈಗ ಸ್ಪಾಟಿಫೈ ಸೆಟ್ಟಿಂಗ್ಸ್‌ನ ಪ್ಲೇಬ್ಯಾಕ್‌ಗೆ ಹೋಗಿ. ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಗೆ ಮುಂದಿನದನ್ನು ಬೆರೆಸುವುದು) ಸೊನ್ನೆ, ಗ್ಯಾಪ್‌ಲೆಸ್ (ಹಾಡುಗಳ ನಡುವೆ ಬಿಡುವಿಲ್ಲದೆ ನುಡಿಸುವುದು) ಆನ್, ನಾರ್ಮಲೈಸೇಶನ್ ಆಫ್ ಅಥವಾ 'ನಾರ್ಮಲ್'. ಆಟೋಪ್ಲೇ ತಪ್ಪದೆ ಆಫ್ ಮಾಡಿ. ಇಲ್ಲದಿದ್ದರೆ ಆ ಕೊನೆಯ ಉಸಿರಿನ ಹಿಂದೆಯೇ ಯಾವುದೋ ಹಾಡು ಬಂದು ಬೀಳುತ್ತದೆ. ಫೋನಿನಲ್ಲಿ ಸದ್ದನ್ನು ತಿದ್ದುವ ಈಕ್ವಲೈಸರ್, ಡಾಲ್ಬಿ ಎರಡೂ ಬಂದ್. ವಾಲ್ಯೂಮನ್ನು 'ಪನಿಷರ್'ನ ಮೂರನೇ ಹಾಡು 'ಕ್ಯೋಟೋ'ಗೆ ಹೊಂದಿಸಿ, ಆಮೇಲೆ ಮುಟ್ಟಬೇಡಿ. ಮೆಲ್ಲಗಿನ ಹಾಡಿಗೆ ಹೊಂದಿಸಿದರೆ ಕೊನೆಗೆ ಕಿವಿಗೆ ಪೆಟ್ಟು.

ಆಫೀಸ್ ಲ್ಯಾಪ್‌ಟಾಪಿಗೆ ಬ್ಲೂಟೂತ್ ಹೆಡ್‌ಸೆಟ್ ಹಾಕಿ ಕೇಳುವವರಿಗೆ ಇನ್ನೊಂದು ಮಾತು. ಮೀಟಿಂಗ್ ಆ್ಯಪ್ ಮೈಕ್ ಹಿಡಿದುಕೊಂಡಿದ್ದರೆ ಹೆಡ್‌ಸೆಟ್ ಸಾಮಾನ್ಯವಾಗಿ ಕರೆಯ ಮೋಡ್‌ಗೆ ಇಳಿಯುತ್ತದೆ: ಸ್ಟೀರಿಯೋ ಹೋಗಿ ಎರಡೂ ಕಿವಿಗೆ ಒಂದೇ ಸದ್ದಿನ ಮೋನೋ, ಸದ್ದಿನ ಎತ್ತರದ ಭಾಗ ಕತ್ತರಿಸಿಹೋಗುವ 8 ಅಥವಾ 16 ಕಿಲೋಹರ್ಟ್ಜ್ ಸ್ಯಾಂಪ್ಲಿಂಗ್. ಡ್ರಮ್ ಸೆಟ್ಟಿನ ಸಿಂಬಲ್, ತಂತಿಯ ಮಿನುಗು ಎಲ್ಲ ಮಾಯ. ಆ್ಯಪ್ ಪೂರ್ತಿ ಮುಚ್ಚಿ, ಇಲ್ಲವೇ ವೈರ್ ಇರುವ ಸಾಧಾರಣ ಇಯರ್‌ಫೋನ್ ಚುಚ್ಚಿ. ಅಷ್ಟು ಸಾಕು.

2020ರ ಆಲ್ಬಮ್‌ಗಳನ್ನೆಲ್ಲ 'ಲಾಕ್‌ಡೌನ್ ಆಲ್ಬಮ್' ಎಂದು ನೀವು ಬರೆದಿರುವುದನ್ನೂ ನಾನು ಒಪ್ಪುವುದಿಲ್ಲ. ಆ ವರ್ಷ ನಾವು ಹಚ್ಚಿಕೊಂಡ ಎಷ್ಟೋ ಆಲ್ಬಮ್‌ಗಳು ಕೊರೊನಾಕ್ಕೆ ಮೊದಲೇ ರೆಕಾರ್ಡ್ ಆಗಿದ್ದವು. 'ಪನಿಷರ್' ಹಾಗೆಯೇ. ನ್ಯೂಯಾರ್ಕಿನ ರಾಕ್ ಬ್ಯಾಂಡ್ ದಿ ಸ್ಟ್ರೋಕ್ಸ್‌ನ 'ದಿ ನ್ಯೂ ಅಬ್ನಾರ್ಮಲ್' (ಹೊಸ ಅಸಹಜ ಸ್ಥಿತಿ) ಏಪ್ರಿಲ್ 10ರಂದು ಬಂದಾಗ ಹೆಸರು ಕಾಲಕ್ಕೆ ಹೇಳಿಮಾಡಿಸಿದಂತಿತ್ತು, ಹೆಸರಿಟ್ಟದ್ದು ಮೊದಲೇ. ರಾಕ್ ಕೇಳಿ ಬೆಳೆದವರಾದರೆ ಇದರಿಂದಲೇ ಶುರು ಮಾಡಿ: 9 ಹಾಡು, 45 ನಿಮಿಷ. ಕೊನೆಯ ಹಾಡಿನಲ್ಲಿ ಗಾಯಕ ಜೂಲಿಯನ್ ಕಾಸಬ್ಲಾಂಕಸ್ ನಡುವೆಯೇ ಹೆಸರು ಹಿಡಿದು ಡ್ರಮ್ಮರ್‌ನನ್ನು ಕರೆಯುತ್ತಾನೆ, ಡ್ರಮ್ ಆಗ ಬರುತ್ತದೆ. ಎಷ್ಟು ಸಲ ಕೇಳಿದರೂ ನನಗೆ ಅಲ್ಲಿ ರೋಮಾಂಚನ.

ನಿಜವಾಗಿ ಆ ದಿನಗಳಲ್ಲೇ ಹುಟ್ಟಿದ್ದು ಬೇಕಿದ್ದರೆ ಬಿಗ್ ಥೀಫ್ ಬ್ಯಾಂಡಿನ ಗಾಯಕಿ ಏಡ್ರಿಯನ್ ಲೆಂಕರ್‌ಳ 'ಸಾಂಗ್ಸ್' ಕೇಳಿ. ಬ್ಯಾಂಡಿನ ಯುರೋಪ್ ಪ್ರವಾಸ ಅರ್ಧಕ್ಕೇ ನಿಂತಾಗ ಆಕೆ ಅಮೆರಿಕದ ಪಶ್ಚಿಮ ಮ್ಯಾಸಚೂಸೆಟ್ಸ್‌ನ ಒಂದೇ ಕೋಣೆಯ ಮರದ ಮನೆಗೆ ಹೋಗಿ, ಎಂಜಿನಿಯರ್ ಫಿಲಿಪ್ ವೈನ್‌ರೋಬ್ ಜೊತೆ ಟೇಪಿನ ಮೇಲೆ ಮಾಡಿದ್ದು. ಡ್ರಮ್ ಇಲ್ಲ. ತಂತಿಯ ಮೇಲೆ ಬೆರಳು ಜಾರುವ ಸದ್ದು, ಹೊರಗಿನ ಹಕ್ಕಿ, ಮಳೆ ಎಲ್ಲ ಒಳಗೇ ಇವೆ. ಬಸ್ಸಿನಲ್ಲಿ ಕೇಳಿದರೆ ಅರ್ಧವೂ ಸಿಗುವುದಿಲ್ಲ. ರಾತ್ರಿ, ಫ್ಯಾನ್ ಆಫ್ ಮಾಡಿ ಕೇಳಿ. ಜೊತೆಗೇ ಬಂದ 'ಇನ್‌ಸ್ಟ್ರುಮೆಂಟಲ್ಸ್'ನಲ್ಲಿ ಎರಡೇ ಉದ್ದನೆಯ ತುಣುಕುಗಳಿವೆ. ಅದನ್ನು ಆಮೇಲೆ ನೋಡಿಕೊಳ್ಳಬಹುದು.

ಅಮೆರಿಕದ ಬ್ಯಾಂಡ್ ಫ್ಲೀಟ್ ಫಾಕ್ಸಸ್‌ನ 'ಶೋರ್' ಬಂದದ್ದು ಸೆಪ್ಟೆಂಬರ್ 22ಕ್ಕೆ, ಉತ್ತರಾರ್ಧಗೋಳದಲ್ಲಿ ಶರತ್ಕಾಲ ಶುರುವಾಗುವ ಕ್ಷಣಕ್ಕೆ ಸರಿಯಾಗಿ. 'ಸನ್‌ಬ್ಲೈಂಡ್' ಹಾಡಿನಲ್ಲಿ ಬ್ಯಾಂಡಿನ ಗಾಯಕ ರಾಬಿನ್ ಪೆಕ್‌ನೋಲ್ಡ್ ತೀರಿಹೋದ ಸಂಗೀತಗಾರರನ್ನು ಹೆಸರು ಹೆಸರಾಗಿ ನೆನೆಯುತ್ತಾನೆ. ಅದರಲ್ಲಿ ಆ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡ ಗಾಯಕ ಜಾನ್ ಪ್ರೈನ್ ಕೂಡ ಇದ್ದಾನೆ. ಶೋಕಗೀತೆಯಲ್ಲ ಅದು, ಬೆಳಗಿನ ಬಿಸಿಲಿನ ಹಾಡು. ಹೋದವರನ್ನು ಅಷ್ಟು ಸಂತೋಷದಿಂದ ನೆನೆದ ಇನ್ನೊಂದು ರಾಕ್ ಹಾಡು ಆ ವರ್ಷ ನನಗೆ ಸಿಗಲಿಲ್ಲ.

ಗಾಯಕಿ ಫಿಯೋನಾ ಆ್ಯಪಲ್‌ಳ 'ಫೆಚ್ ದಿ ಬೋಲ್ಟ್ ಕಟರ್ಸ್' ಕೊನೆಗಿರಲಿ. 13 ಹಾಡು, 52 ನಿಮಿಷ, ಹೆಚ್ಚಿನದೆಲ್ಲ ಕ್ಯಾಲಿಫೋರ್ನಿಯಾದ ವೆನಿಸ್‌ನಲ್ಲಿರುವ ಆಕೆಯ ಮನೆಯಲ್ಲೇ ಆದದ್ದು. ತಾಳಕ್ಕೆ ಗೋಡೆ, ನೆಲ, ಕೈಗೆ ಸಿಕ್ಕ ಸಾಮಾನು. ತೀರಿಹೋದ ತನ್ನ ನಾಯಿಯ ಮೂಳೆಗಳಿರುವ ಪೆಟ್ಟಿಗೆಯನ್ನೂ ಬಡಿದಿದ್ದಾಳೆ. ಶೀರ್ಷಿಕೆಯ ಹಾಡಿನ ಕೊನೆಗೆ ನಾಯಿಗಳು ಬೊಗಳುತ್ತವೆ. ಫೋನಿನ ಸ್ಪೀಕರ್ ಈ ಆಲ್ಬಮ್ಮಿಗೆ ಆಗದು: ನೆಲಕ್ಕೆ ಕಾಲು ಅಪ್ಪಳಿಸುವ ದಪ್ಪ ಸದ್ದು ಹೋಗಿ ಬರೀ ಟಕಟಕ ಉಳಿಯುತ್ತದೆ. ಸಾಧ್ಯವಾದರೆ ದೊಡ್ಡ ಸ್ಪೀಕರ್‌ನಲ್ಲಿ, ಹಗಲಲ್ಲಿ ಹಾಕಿ.

ದಿನಕ್ಕೆ ಒಂದೇ ಆಲ್ಬಮ್ ಕೇಳಿ. ಮೊದಲ ಸಲಕ್ಕೇ ಹಿಡಿಸದಿದ್ದರೆ ಮಾರನೆಯ ದಿನ ಇನ್ನೊಂದಕ್ಕೆ ಹಾರಬೇಡಿ, ಅದನ್ನೇ ಮತ್ತೊಮ್ಮೆ ಹಾಕಿ. ಹೆಡ್‌ಫೋನಿಗೆ ಎತ್ತಿಟ್ಟ ದುಡ್ಡಲ್ಲಿ ಆಲ್ಬಮ್ ಮಾರುವ ತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಲೆಂಕರ್‌ಳ ಆಲ್ಬಮ್ ಕೊಂಡು, ಗುಣಮಟ್ಟ ಕುಗ್ಗದ ಫ್ಲ್ಯಾಕ್ ಫೈಲ್ ಇಳಿಸಿಕೊಳ್ಳಿ.