ಲ್ಯಾಂಡಿಂಗ್ ಪೇಜ್ ರೂಲ್‌ಗಳನ್ನು ಯಾವ ಕ್ರಮದಲ್ಲಿ ಹಾಕಬೇಕು?

ನಿಮ್ಮ ಪ್ರಶ್ನೆ ಇದು: ಸೈಟ್‌ಗೆ ಬಂದವರಿಗೆ ಮೊದಲು ಯಾವ ಪೇಜ್ (ಅದೇ ಲ್ಯಾಂಡಿಂಗ್ ಪೇಜ್) ತೋರಿಸಬೇಕು ಅಂತ ನಿರ್ಧರಿಸಲು ದೇಶ, ಮೊಬೈಲ್, ಜಾಹೀರಾತು, ಹಳೇ ಗ್ರಾಹಕ ಅಂತ ನಾಲ್ಕು ಥರದ ರೂಲ್ ಹಾಕಿದ್ದೀರಿ. ಒಂದೊಂದನ್ನೇ ಪರೀಕ್ಷೆ ಮಾಡಿದರೆ ಸರಿಯಾಗಿ ಕೆಲಸ ಮಾಡುತ್ತದೆ. ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿದರೆ ಮಾತ್ರ, ಜಾಹೀರಾತು ಒತ್ತಿ ಬಂದವರು ಆಫರ್ ಪೇಜ್ ಬಿಟ್ಟು ದೇಶದ ಹೋಮ್ ಪೇಜ್‌ಗೆ ಹೋಗಿಬಿಡುತ್ತಾರೆ.

ಕ್ರಮ ತಪ್ಪಿದೆ, ಅಷ್ಟೇ. ಬಹಳಷ್ಟು ಟೂಲ್‌ಗಳು ಮೇಲಿಂದ ಕೆಳಗೆ ನೋಡುತ್ತಾ ಬಂದು, ಮೊದಲು ಹೊಂದಿದ ರೂಲ್‌ನಲ್ಲೇ ನಿಂತುಬಿಡುತ್ತವೆ. ನೀವು ದೇಶದ ರೂಲನ್ನು ಎಲ್ಲಕ್ಕಿಂತ ಮೇಲಿಟ್ಟಿದ್ದೀರಿ. ಯಾರೇ ಬಂದರೂ ಯಾವುದೋ ಒಂದು ದೇಶದಿಂದಲೇ ಬಂದಿರುತ್ತಾರೆ ಅಲ್ವಾ? ಹಾಗಾಗಿ ಕೆಳಗಿನ ರೂಲ್‌ಗಳಿಗೆ ಸರದಿಯೇ ಬರುವುದಿಲ್ಲ.

ನಾನು ಕ್ರಮ ಹಾಕುವಾಗ ಪ್ರತಿ ರೂಲ್‌ಗೂ ಒಂದು ಪ್ರಶ್ನೆ ಕೇಳುತ್ತೇನೆ. ಇದು ಬಂದವರು ತಾವಾಗಿ ಹೇಳಿದ್ದಾ, ಇಲ್ಲಾ ನಾವು ಊಹಿಸಿದ್ದಾ? ಹೇಳಿದ್ದು ಮೇಲೆ, ಊಹೆ ಕೆಳಗೆ. ಭಾಷೆಯ ಮೆನುವಿನಲ್ಲಿ ಒಬ್ಬರು ಕನ್ನಡ ಆರಿಸಿದರೆ ಅದು ಅವರೇ ಹೇಳಿದ ಮಾತು. ಜಾಹೀರಾತಿನ ಲಿಂಕ್ ಒತ್ತಿದ್ದೂ ಹಾಗೆಯೇ. ಲಾಗಿನ್ ಆಗಿದ್ದರೆ ಹಳೇ ಗ್ರಾಹಕ ಅನ್ನುವುದು ಖಚಿತ. ಐಪಿ (ಇಂಟರ್ನೆಟ್‌ನಲ್ಲಿ ಅವರ ಸಂಪರ್ಕದ ವಿಳಾಸ) ನೋಡಿ ದೇಶ ಹೇಳುವುದು ಮಾತ್ರ ಊಹೆ. ವಿಪಿಎನ್ ಹಾಕಿದವರು, ರೋಮಿಂಗ್‌ನಲ್ಲಿರುವವರು, ಬೇರೆ ದೇಶದಿಂದ ಇಂಟರ್ನೆಟ್‌ಗೆ ಹೊರಬೀಳುವ ಆಫೀಸ್ ನೆಟ್‌ವರ್ಕ್‌ನಲ್ಲಿ ಕೂತವರು, ಇವರೆಲ್ಲರ ವಿಷಯದಲ್ಲೂ ಅದು ತಪ್ಪುತ್ತದೆ. ಕೊನೆಯಲ್ಲಿ ಯಾವ ಷರತ್ತೂ ಇಲ್ಲದ ಒಂದು ಡೀಫಾಲ್ಟ್ ರೂಲ್ ಇರಲೇಬೇಕು.

ಇನ್ನೊಂದು ಗೊಂದಲ ನಿಮ್ಮ ಪಟ್ಟಿಯಲ್ಲಿ ಕಾಣಿಸುತ್ತಿದೆ. ಯಾವ ಪೇಜ್ ತೋರಿಸಬೇಕು, ಅದನ್ನು ಯಾವ ಭಾಷೆಯಲ್ಲಿ ತೋರಿಸಬೇಕು, ಇವು ಎರಡು ಬೇರೆ ನಿರ್ಧಾರಗಳು. ಒಂದೇ ಸಾಲಿನಲ್ಲಿ ಹಾಕಿದರೆ ಒಂದು ಇನ್ನೊಂದನ್ನು ನುಂಗುತ್ತದೆ. ಪೇಜನ್ನು ಯುಟಿಎಂ ಕ್ಯಾಂಪೇನ್, ಅಂದರೆ ಯಾವ ಜಾಹೀರಾತಿನಿಂದ ಬಂದರು ಅಂತ ಲಿಂಕ್‌ನಲ್ಲೇ ಸೇರಿಸಿದ ಗುರುತು, ನಿರ್ಧರಿಸಲಿ. ಭಾಷೆಯನ್ನು ಅವರ ಆಯ್ಕೆಯನ್ನು ನೆನಪಿಟ್ಟ ಕುಕಿ (ಬ್ರೌಸರ್‌ನಲ್ಲಿ ಉಳಿಯುವ ಸಣ್ಣ ಟಿಪ್ಪಣಿ), ಅದಿಲ್ಲದಿದ್ದರೆ ತನಗೆ ಯಾವ ಭಾಷೆ ಬೇಕು ಅಂತ ಬ್ರೌಸರ್ ಪ್ರತಿ ಕೋರಿಕೆಯ ಜೊತೆ ಕಳಿಸುವ ಆಕ್ಸೆಪ್ಟ್-ಲ್ಯಾಂಗ್ವೇಜ್ ಹೆಡರ್ ನಿರ್ಧರಿಸಲಿ. ಆ ಹೆಡರ್‌ನಲ್ಲಿ ಭಾಷೆಗಳ ಜೊತೆ 0.9, 0.8 ಅಂತ ತೂಕವೂ ಬರುತ್ತದೆ. ಸಂಖ್ಯೆ ಇಲ್ಲದ ಭಾಷೆಯ ತೂಕ 1, ಅಂದರೆ ಅದೇ ಮೊದಲ ಆಯ್ಕೆ. ಜರ್ಮನಿಯಲ್ಲಿ ಕೂತು ಬ್ರೌಸರನ್ನು ಕನ್ನಡಕ್ಕೆ ಇಟ್ಟುಕೊಂಡವರಿಗೆ, ಐಪಿ ನೋಡಿ ಜರ್ಮನ್ ಪೇಜ್ ತೋರಿಸಿದರೆ ಬೇಜಾರಾಗುವುದು ಸಹಜ.

ದೇಶ ನೋಡಿ ಬಲವಂತದ ರೀಡೈರೆಕ್ಟ್ (ಬಂದವರನ್ನು ತಾನಾಗಿ ಬೇರೆ ಪೇಜ್‌ಗೆ ಕಳಿಸುವುದು) ಬೇಡವೇ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸರ್ಚ್‌ಗಾಗಿ ಪೇಜ್‌ಗಳನ್ನು ಓದುವ ಗೂಗಲ್‌ನ ಪ್ರೋಗ್ರಾಂ ಗೂಗಲ್‌ಬಾಟ್ ಹೆಚ್ಚಾಗಿ ಅಮೆರಿಕದ ಐಪಿಯಿಂದ ಬರುತ್ತದೆ, ಆಕ್ಸೆಪ್ಟ್-ಲ್ಯಾಂಗ್ವೇಜ್ ಕಳಿಸುವುದೂ ಇಲ್ಲ. ನೀವು ಅದನ್ನು ಪ್ರತಿಸಲ ಅಮೆರಿಕದ ಪೇಜ್‌ಗೆ ತಳ್ಳಿದರೆ ಉಳಿದ ಪೇಜ್‌ಗಳು ಅದರ ಕಣ್ಣಿಗೇ ಬೀಳದೆ ಹೋಗಬಹುದು. ಯುರೋಪಿಯನ್ ಯೂನಿಯನ್‌ನ ಗ್ರಾಹಕರಿಗೆ ಮಾರುವ ಸೈಟ್ ಆದರೆ ಕಾನೂನೂ ಅಡ್ಡ ಬರುತ್ತದೆ. 2018ರ ಡಿಸೆಂಬರ್ 3ರಿಂದ ಜಾರಿಯಲ್ಲಿರುವ ಜಿಯೋ-ಬ್ಲಾಕಿಂಗ್ ನಿಯಮದ ಪ್ರಕಾರ, ಗ್ರಾಹಕರ ಸ್ಪಷ್ಟ ಒಪ್ಪಿಗೆ ಇಲ್ಲದೆ ಅವರನ್ನು ಬೇರೆ ದೇಶದ ಆವೃತ್ತಿಗೆ ಕಳಿಸುವಂತಿಲ್ಲ. ಅದರ ಬದಲು ಪೇಜ್‌ನ ಮೇಲ್ಗಡೆ ಒಂದು ಸಣ್ಣ ಪಟ್ಟಿಯಲ್ಲಿ ‘ನಿಮ್ಮ ದೇಶದ ಪೇಜ್ ಇಲ್ಲಿದೆ, ನೋಡುತ್ತೀರಾ?’ ಅಂತ ಕೇಳಿ. ಅವರ ಉತ್ತರವನ್ನು ಕುಕಿಯಲ್ಲಿ ಇಡಿ, ಅದೂ ಸರ್ವರ್ ಕಡೆಯಿಂದ. ಜಾವಾಸ್ಕ್ರಿಪ್ಟ್‌ನಿಂದ ಇಟ್ಟ ಕುಕಿಯನ್ನು 2019ರಿಂದ ಸಫಾರಿ ಏಳು ದಿನಕ್ಕೇ ಅಳಿಸುತ್ತದೆ. ಸರ್ಚ್‌ಗಾಗಿ ಎಚ್‌ರೆಫ್‌ಲ್ಯಾಂಗ್ (ಯಾವ ಭಾಷೆಗೆ, ದೇಶಕ್ಕೆ ಯಾವ ಪೇಜ್ ಅಂತ ಹೇಳುವುದು) ಮತ್ತು ಎಕ್ಸ್-ಡೀಫಾಲ್ಟ್ (ಯಾವುದೂ ಹೊಂದದವರಿಗೆ ಯಾವ ಪೇಜ್ ಅಂತ ಹೇಳುವುದು) ಟ್ಯಾಗ್ ಹಾಕಿ.

ಮೊಬೈಲ್ ರೂಲನ್ನು ತೆಗೆದೇಬಿಡಿ. ಐಪ್ಯಾಡ್‌ಓಎಸ್ 13 ಬಂದಾಗಿನಿಂದ ಐಪ್ಯಾಡ್‌ನ ಸಫಾರಿ ತನ್ನನ್ನು ಮ್ಯಾಕ್ ಅಂತಲೇ ಹೇಳಿಕೊಳ್ಳುತ್ತದೆ. ಎಲ್ಲ ಸ್ಕ್ರೀನ್‌ಗೂ ಹೊಂದಿಕೊಳ್ಳುವ ಒಂದೇ ಪೇಜ್ ಮಾಡುವುದು ಸುಲಭ. ರೆಫರರ್, ಅಂದರೆ ಯಾವ ಪೇಜ್‌ನಿಂದ ಬಂದರು ಅನ್ನುವ ಮಾಹಿತಿ, ನೋಡುವ ರೂಲ್ ಇದ್ದರೆ ಅದರಲ್ಲೂ ಪೂರ್ತಿ ವಿಳಾಸ ಸಿಗುತ್ತದೆ ಅಂದುಕೊಳ್ಳಬೇಡಿ. 2020ರ ಕ್ರೋಮ್ 85ರಿಂದ, ಬೇರೆ ಸೈಟ್‌ನಿಂದ ಬಂದಾಗ ಸಾಮಾನ್ಯವಾಗಿ ಡೊಮೇನ್ ಮಾತ್ರ ಸಿಗುತ್ತದೆ.

ಈಗ ರೀಡೈರೆಕ್ಟ್ ವಿಷಯ. ಸರ್ವರ್ ಕಳಿಸುವ ಕೋಡ್‌ಗಳಲ್ಲಿ 302 (ತಾತ್ಕಾಲಿಕ) ಬಳಸಿ, 301 ಬೇಡ. 301 ಅಂದರೆ ಶಾಶ್ವತ ಅಂತ ಬ್ರೌಸರ್ ನೆನಪಿಟ್ಟುಕೊಳ್ಳುತ್ತದೆ. ನಾಳೆ ನೀವು ರೂಲ್ ಬದಲಾಯಿಸಿದರೂ ಆ ಜನ ಹಳೇ ಪೇಜ್‌ಗೇ ಹೋಗುತ್ತಿರುತ್ತಾರೆ. ಈ ಉತ್ತರವನ್ನು ಎಲ್ಲೂ ಉಳಿಸಿಡಬೇಡಿ ಅಂತ ಹೇಳಲು ಕ್ಯಾಶ್-ಕಂಟ್ರೋಲ್ ಹೆಡರ್‌ನಲ್ಲಿ ನೋ-ಸ್ಟೋರ್ ಹಾಕಿ. ಇಲ್ಲದಿದ್ದರೆ ಸಿಡಿಎನ್ (ಪೇಜ್‌ಗಳ ಪ್ರತಿಯನ್ನು ಇಟ್ಟುಕೊಂಡು ಹತ್ತಿರದಿಂದ ಕೊಡುವ ಸರ್ವರ್‌ಗಳು) ಒಬ್ಬರಿಗೆ ಕೊಟ್ಟ ಉತ್ತರವನ್ನೇ ಇನ್ನೊಬ್ಬರಿಗೂ ಕೊಡುವ ಅಪಾಯವಿದೆ. ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಇರುವ ಯುಟಿಎಂ, ಜಿಕ್ಲಿಡ್ (ಗೂಗಲ್ ಜಾಹೀರಾತಿನ ಕ್ಲಿಕ್ ಗುರುತು) ಎಲ್ಲವನ್ನೂ ಹೊಸ ವಿಳಾಸಕ್ಕೆ ಹೊತ್ತುಕೊಂಡು ಹೋಗಲು ರೂಲ್‌ಗೆ ಹೇಳಿ. ಅದು ಉದುರಿಹೋದರೆ ಜಾಹೀರಾತಿನಿಂದ ಬಂದವರು ಅನಾಲಿಟಿಕ್ಸ್‌ನಲ್ಲಿ ಸುಮ್ನೆ ನೇರವಾಗಿ ಬಂದವರ ಲೆಕ್ಕಕ್ಕೆ ಸೇರಬಹುದು. ಆಮೇಲೆ ಯಾವ ಜಾಹೀರಾತು ಕೆಲಸ ಮಾಡಿತು ಅಂತ ಹುಡುಕುವುದು ವ್ಯರ್ಥ. ರೂಲ್‌ಗಳು ಒಳಬರುವ ವಿಳಾಸದಲ್ಲಿ ಮಾತ್ರ ಓಡಲಿ, ತಲುಪುವ ಪೇಜ್‌ನಲ್ಲಿ ಬೇಡ. ಅಲ್ಲಿಯೂ ಓಡಿದರೆ ಸುತ್ತು ಬೀಳುತ್ತದೆ. 20 ರೀಡೈರೆಕ್ಟ್ ಆದ ಮೇಲೆ ಕ್ರೋಮ್ ಕೈಚೆಲ್ಲಿ ಎರರ್ ತೋರಿಸುತ್ತದೆ.

ಪರೀಕ್ಷೆ ಮಾಡಲು ಕರ್ಲ್ (ಕಮಾಂಡ್ ಬರೆದು ವೆಬ್ ವಿಳಾಸ ತೆರೆಯುವ ಟೂಲ್) ಸಾಕು. ಕುಕಿ, ಭಾಷೆ, ಯುಟಿಎಂ ಒಂದೊಂದನ್ನೇ ಬದಲಿಸಿ, ಯಾವ ವಿಳಾಸಕ್ಕೆ ಹೋಗಬೇಕು ಅಂತ ಸರ್ವರ್ ಹೇಳುವ ಲೊಕೇಶನ್ ಹೆಡರ್‌ನಲ್ಲಿ ಏನು ಬರುತ್ತದೆ ನೋಡಿ. ಎರಡು ರೂಲ್‌ಗೆ ಒಟ್ಟಿಗೆ ಹೊಂದುವ ಜೋಡಿಗಳನ್ನು ಬಿಡಬೇಡಿ, ಈಗ ನಿಮಗೆ ಕೈಕೊಟ್ಟಿರುವುದೇ ಅದು. ಪ್ರತಿ ರೂಲ್‌ಗೂ ಒಂದು ಹೆಸರು ಕೊಟ್ಟು, ಯಾವ ರೂಲ್ ತಗಲಿತು ಅನ್ನುವುದನ್ನು ಲಾಗ್‌ನಲ್ಲಿ ಬರೆಯಿರಿ. ಒಂದು ವಾರದ ಲಾಗ್‌ನಲ್ಲಿ ಒಂದು ಸಲವೂ ಕಾಣಿಸದ ರೂಲ್ ಇದ್ದರೆ, ಅದರ ಮೇಲಿರುವ ಯಾವುದೋ ರೂಲ್ ಅದರ ಜನರನ್ನೆಲ್ಲ ಎಳೆದುಕೊಳ್ಳುತ್ತಿದೆಯಾ ಅಂತ ಮೊದಲು ನೋಡಿ.