ಟೈಟನ್ ಜಾಹೀರಾತಿನ ಸಂಗೀತ ಎಲ್ಲಿಯದು? ಜಾಹೀರಾತಿಗೆ ಬಳಸಿದರೆ ಶಾಸ್ತ್ರೀಯ ಸಂಗೀತದ ಬೆಲೆ ಕಮ್ಮಿಯಾಗಲ್ವಾ?

ಮೊದಲು ಹೆಸರು ಹೇಳಿಬಿಡುತ್ತೇನೆ. ಟೈಟನ್ ವಾಚಿನ ಜಾಹೀರಾತಿನಲ್ಲಿ ನೀವು ಕೇಳಿದ್ದು ಯುರೋಪಿನ ಸಂಗೀತಗಾರ ಮೊಜಾರ್ಟ್‌ನ 25ನೇ ಸಿಂಫನಿ, ಅಂದರೆ ಇಡೀ ವಾದ್ಯವೃಂದ ನುಡಿಸುವ ದೊಡ್ಡ ಕೃತಿ. ಅದರ ಮೊದಲ ಭಾಗದಿಂದ ತೆಗೆದ ತುಣುಕು. 1773ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಇದನ್ನು ಬರೆದಾಗ ಮೊಜಾರ್ಟ್‌ಗೆ 17 ವರ್ಷ. ನಮ್ಮಲ್ಲಿ ಪಿಯುಸಿ ಓದುವ ಹುಡುಗರ ವಯಸ್ಸು! 1980ರ ದಶಕದ ಕೊನೆಯ ಹೊತ್ತಿಗೆ ಓಗಿಲ್ವಿ ಜಾಹೀರಾತು ಸಂಸ್ಥೆಯ ಸುರೇಶ್ ಮಲ್ಲಿಕ್ ಇದನ್ನು ಟೈಟನ್‌ಗೆ ಆರಿಸಿದರು.

ನಾನು ಚಿಕ್ಕವಳಿದ್ದಾಗ ಪಿಟೀಲು ಕಲಿಯುತ್ತಿದ್ದೆ, ಕರ್ನಾಟಕ ಸಂಗೀತ. ಟಿವಿಯಲ್ಲಿ ಈ ಜಾಹೀರಾತು ಬಂದರೆ ಸಾಕು, ವರಸೆ ಅರ್ಧಕ್ಕೇ ಬಿಟ್ಟು ಹಾಲ್‌ಗೆ ಓಡುತ್ತಿದ್ದೆ. ಆಮೇಲೆ ಪಿಟೀಲಿನಲ್ಲಿ ಆ ಸ್ವರಗಳನ್ನು ಹುಡುಕುತ್ತಾ ಕೂರುತ್ತಿದ್ದೆ. ಮನೆಗೆ ನೆಂಟರು ಬಂದರೆ "ಎಲ್ಲಿ, ಆ ಟೈಟನ್ ನುಡಿಸು ಪುಟ್ಟಿ" ಅನ್ನುತ್ತಿದ್ದರು. ಅದಕ್ಕೆ ಬೇರೆ ಹೆಸರು ಇರಬಹುದು ಎಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಕಾಲೇಜು ಮುಗಿದ ಮೇಲೆ ಪೂರ್ತಿ ಸಿಂಫನಿ ಕೇಳಿದೆ. ಬೆಚ್ಚಿಬಿದ್ದೆ. ಜಾಹೀರಾತಿನಲ್ಲಿ ಇದ್ದದ್ದು ಉಡುಗೊರೆ, ನಗು, ಅಪ್ಪುಗೆ. ಮೂಲದಲ್ಲಿ ಇರುವುದು ಕಳವಳ. ಶುರುವಿನಲ್ಲಿ ಪಿಟೀಲುಗಳು ಹೆಚ್ಚಿನ ಪಾಲು ತಾಳದ ಏಟಿನ ಮೇಲೆ ಬೀಳುವುದಿಲ್ಲ. ಏಟಿಗೂ ಏಟಿಗೂ ನಡುವೆ ನಿಂತು ಒಂದೇ ಸ್ವರವನ್ನು ಒತ್ತಿ ಒತ್ತಿ ನುಡಿಸುತ್ತವೆ. ಎಡುಪು, ಅಂದರೆ ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ, ತಪ್ಪದಂತೆ ಕೈ ಹಾಕಿ ಅಭ್ಯಾಸ ಇರುವವರಿಗೆ ಇದರ ಚಡಪಡಿಕೆ ತಕ್ಷಣ ಗೊತ್ತಾಗುತ್ತದೆ. ಓಬೋ ಎಂಬ ಊದುವ ವಾದ್ಯ ಮಾತ್ರ ಉದ್ದುದ್ದ ಸ್ವರ ಹಿಡಿದು ನೇರ ಹೆಜ್ಜೆ ಇಡುತ್ತದೆ. ಆಮೇಲೆ ಎಲ್ಲರೂ ಮೇಲಕ್ಕೆ ನುಗ್ಗುತ್ತಾರೆ. ಆ ಕಾಲದಲ್ಲಿ ಸಾಮಾನ್ಯವಾಗಿ ಹಾರ್ನ್ ಎಂಬ ಕೊಂಬಿನಂಥ ವಾದ್ಯ ಎರಡೇ ಇಡುತ್ತಿದ್ದರು, ಇಲ್ಲಿ ನಾಲ್ಕು ಇವೆ. ಆಮೇಲೆ ಗದ್ದಲ ನಿಂತು, ಒಂದೇ ಒಂದು ಓಬೋ ಮೊದಲಿನ ಅದೇ ಸ್ವರಗಳನ್ನು ಮೆಲ್ಲಗೆ ಹೇಳುತ್ತದೆ. ಅಲ್ಲಿ ನನಗೆ ಕಣ್ಣು ತುಂಬಿತು. ಮೊಜಾರ್ಟ್‌ನ 41 ಸಿಂಫನಿಗಳಲ್ಲಿ ಮೈನರ್ ಸ್ಕೇಲಿನವು, ಅಂದರೆ ಸಾಮಾನ್ಯವಾಗಿ ದುಗುಡದ ಛಾಯೆ ಕೊಡುವ ಸ್ವರಗಳ ಮೇಲೆ ಕಟ್ಟಿದವು, ಎರಡೇ. ಒಂದು ಇದು, ಇನ್ನೊಂದು 40ನೆಯದು.

ಹಾಗಾಗಿ ಬೆಲೆ ಕಮ್ಮಿಯಾಯಿತು ಎಂದು ನಾನು ಒಪ್ಪುವುದಿಲ್ಲ. ಸಿಂಫನಿಗೆ ಏನೂ ಆಗಿಲ್ಲ, ಇದ್ದ ಹಾಗೇ ಇದೆ. ಆ ತುಣುಕು ಇಲ್ಲದಿದ್ದರೆ ನಮ್ಮಂಥ ಮನೆಗೆ ಮೊಜಾರ್ಟ್ ಬರುತ್ತಲೇ ಇರಲಿಲ್ಲ. ನನ್ನ ಬೇಸರ ಬೇರೆ. ಬಂದವನ ಹೆಸರು ನಮಗೆ ಯಾರೂ ಹೇಳಲಿಲ್ಲ.

ಇದನ್ನು ದೇಶದ ಒಗ್ಗಟ್ಟಿನ ಹಾಡು 'ಮಿಲೇ ಸುರ್ ಮೇರಾ ತುಮ್ಹಾರಾ' ಜೊತೆ ಇಟ್ಟು ನೋಡಿ. ಅದರ ಹಿಂದೆಯೂ ಇದ್ದವರು ಇದೇ ಸುರೇಶ್ ಮಲ್ಲಿಕ್. 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಬಂತು. ಭೈರವಿ ರಾಗ. ಅಲ್ಲಿ ನಮ್ಮ ಗದಗಿನ ಕಡೆಯ ಭೀಮಸೇನ ಜೋಶಿಯವರು ಹಾಡುವುದನ್ನು ಕಣ್ಣಾರೆ ನೋಡಿದೆವು, ಬಾಲಮುರಳಿಕೃಷ್ಣ ಅವರನ್ನೂ ನೋಡಿದೆವು. ಯಾರ ದನಿ ಎಂದು ಗೊತ್ತಿದ್ದರಿಂದ ಹುಡುಕಿಕೊಂಡು ಹೋಗಲು ದಾರಿ ಇತ್ತು. ನಮ್ಮಜ್ಜಿ ಅದನ್ನು ನೋಡಿದ ಮೇಲೇ ಜೋಶಿಯವರು ಹಾಡಿದ ದಾಸರ ಪದಗಳ ಕ್ಯಾಸೆಟ್ ತರಿಸಿಕೊಂಡರು. ಟೇಪು ಸವೆಯುವವರೆಗೂ ಕೇಳಿದರು. ಟೈಟನ್ ಜಾಹೀರಾತು ಕೂಡ ಅವರಿಗೆ ಇಷ್ಟ ಇತ್ತು. ಆದರೆ ಅಂಗಡಿಗೆ ಹೋಗಿ ಏನೆಂದು ಕೇಳುವುದು?

ಮೊಜಾರ್ಟ್ 1791ರಲ್ಲೇ ತೀರಿಕೊಂಡರು, ಕೃತಿಗೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಜಾಹೀರಾತಿನವರು ಹಳೆಯ ಕೃತಿಗಳಿಗೆ ಕೈ ಹಾಕಲು ಅದೂ ಒಂದು ಕಾರಣ. ದುಡ್ಡು ಬೇಡ, ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹೆಸರು ಹಾಕಬಹುದಲ್ವಾ? ವಾಚಿನ ಬೆಲೆಯ ಪಕ್ಕ ಎರಡು ಪದಕ್ಕೆ ಜಾಗ ಇದ್ದೇ ಇರುತ್ತದೆ.

ನೀವು ಇವತ್ತೇ ಮೊದಲ ಭಾಗ ಕೇಳಿ. ಸುಮಾರು ಎಂಟು ನಿಮಿಷ. ಇಯರ್‌ಫೋನ್ ಹಾಕಿಕೊಳ್ಳಿ, ಇಲ್ಲದಿದ್ದರೆ ಆ ಒಂಟಿ ಓಬೋ ಫ್ಯಾನಿನ ಸದ್ದಿನಲ್ಲಿ ತಪ್ಪಿಹೋಗುತ್ತದೆ.